ತೋಳಿಗೆ ಕಟ್ಟಿದ ಇಮಾಮ್ ಜಾಮಿನ್

ಸೌದಿಗೆ ಲಾರಿ ಓಡಿಸಲು ಹೊರಟ ನಮ್ಮ ಮನೆತನದ ಗಂಡುಮಕ್ಕಳಿಗೆಲ್ಲ ದೊಡ್ಡಪ್ಪ ತಾವೇ ಇಮಾಮ್ ಜಾಮಿನ್ ಕಟ್ಟಿ ಕಳಿಸಿದ್ದರು. ಬಟ್ಟೆಯಲ್ಲಿ ಒಂದು ನಾಣ್ಯ ಇಟ್ಟು, ದೂರ ಹೊರಟವರ ಬಲತೋಳಿಗೆ ಹಿರಿಯರು ಕಟ್ಟುವುದು ನಮ್ಮಲ್ಲಿ ಪದ್ಧತಿ. ಕ್ಷೇಮವಾಗಿ ತಲುಪಿದ ಮೇಲೆ ಬಿಚ್ಚಿ, ಆ ನಾಣ್ಯವನ್ನು ಬಡವರಿಗೆ ಕೊಡಬೇಕು. ಅಲ್ಲಿಯವರೆಗೆ ಬಿಚ್ಚುವಂತಿಲ್ಲ. ನನ್ನ ಸರದಿ ಬಂದಾಗ ಮಾತ್ರ ದೊಡ್ಡಪ್ಪನ ಕೈ ಮೇಲೇಳಲಿಲ್ಲ.

ನಾನು ಹೊರಟಿದ್ದು ಯಹೂದಿಗಳ ಇತಿಹಾಸ ಓದಲು. ಕೊಪ್ಪಳ ಜಿಲ್ಲೆಯಾದ ಹೊಸತರ ಮಾತು. ಯುರೋಪಿನ ಒಂದು ವಿಶ್ವವಿದ್ಯಾಲಯ ಸ್ಕಾಲರ್‌ಶಿಪ್ ಕೊಟ್ಟಿತ್ತು. ದೊಡ್ಡಪ್ಪ ಕುಷ್ಟಗಿಯ ನಮ್ಮ ಮನೆಯಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಮನೆಮಾತು ಉರ್ದು, ಓಣಿಗೆಲ್ಲ ಕೇಳಲಿ ಅಂತ ಕನ್ನಡದಲ್ಲೇ ಶುರು ಮಾಡಿದರು.

"ನಮ್ಮ ಇತಿಹಾಸ ಖಾಲಿ ಆಗೈತೇನು? ಅವರದು ಓದಿ ಏನ್ ಮಾಡಾಕಿ?"

ನನಗೆ ಮೈಯೆಲ್ಲ ಉರಿದುಹೋಯಿತು. ಮೊಹರಂ ಹತ್ತನೆಯ ದಿನ ಅಮ್ಮಿ ಉಪವಾಸವಿದ್ದು ಮೂಸಾ ಪೈಗಂಬರರ ಕಥೆ ಹೇಳುತ್ತಿದ್ದಳು. ಈಜಿಪ್ಟಿನ ದೊರೆ ಫಿರೌನನಿಂದ ತಪ್ಪಿಸಿಕೊಂಡು ಸಮುದ್ರ ದಾಟಿದ ಆ ಯಹೂದಿ ಜನ ಮುಂದೆ ಏನಾದರು ಅಂತ ಕೇಳುತ್ತಲೇ ಬೆಳೆದವಳು ನಾನು. ಅಷ್ಟೇ ನನ್ನ ತಪ್ಪು. ಗಂಗಾವತಿ ಕಾಲೇಜಿನಲ್ಲಿ ನನ್ನ ಜೊತೆ ಪಾಠ ಮಾಡುತ್ತಿದ್ದ ಲಿಂಗಾಯತ ಸರ್ ಒಬ್ಬರು ಆದಿಲ್‌ಶಾಹಿ ಸುಲ್ತಾನರ ಮೇಲೆ ಪಿಎಚ್‌ಡಿ ಮಾಡಿದ್ದರು. ಅವರಿಗೆ ಶಾಲು ಹೊದಿಸಿ ಸನ್ಮಾನ ಮಾಡಿದರು. ಸುಲ್ತಾನರ ಉಸಾಬರಿ ನಿಮಗೇಕೆ ಅಂತ ಒಬ್ಬರಾದರೂ ಕೇಳಿದರೇ? ಅಂಥ ಸರ್ ಕೂಡ ಸ್ಟಾಫ್ ರೂಮಿನಲ್ಲಿ ನನ್ನ ಮುಂದೆ ನಿಂತು, "ಅಲ್ರಿ ಮೇಡಂ, ನಿಮಗ್ಯಾಕ್ರಿ ಅದು?" ಅಂದರು.

"ಆಕಿ ಹೋದ್ರ, ನೀನೂ ನನ್ನ ಮನಿ ಮೆಟ್ಟಿಲು ಹತ್ತಬ್ಯಾಡ," ಅಂತ ಅಮ್ಮಿಗೆ ಹೇಳಿ ದೊಡ್ಡಪ್ಪ ಎದ್ದುಹೋದರು. ಅಪ್ಪ ತೀರಿಕೊಂಡ ಮೇಲೆ ಅಮ್ಮಿಗಿದ್ದ ಆಸರೆ ಅದೊಂದೇ ಮನೆ. ಅಮ್ಮಿ ಸೀರೆಯ ಸೆರಗಿನ ಅಂಚು ಹರಿದು, ನಾಣ್ಯ ಇಟ್ಟು, ನನ್ನ ತೋಳಿಗೆ ತಾನೇ ಬಿಗಿದು ಕಟ್ಟಿದಳು.

ಆ ದೇಶ ಮುಟ್ಟಿದರೂ ನಾನು ಅದನ್ನು ಬಿಚ್ಚಲಿಲ್ಲ. ನಾನು ಹೊರಟಿದ್ದು ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ ಸೇರಿದ ಒಂದು ಹಳೆಯ ಗ್ರಂಥಾಲಯಕ್ಕೆ. ಅಲ್ಲಿ ಕೂತು ಮೊದಲ ಪುಟ ತೆರೆದಾಗಲೇ ತಲುಪಿದ ಹಾಗೆ ಅಂದುಕೊಂಡಿದ್ದೆ. ಬಾಗಿಲಲ್ಲಿ ಕಾವಲಿನ ಹೆಂಗಸು ಪಾಸ್‌ಪೋರ್ಟಿನಲ್ಲಿ ನನ್ನ ಹೆಸರು ಓದಿದಳು, ಮುಖ ನೋಡಿದಳು. ಇದನ್ನು ನೀನೇಕೆ ಓದಬೇಕು ಅಂತ ಕೇಳಿದಳು. ಅಯ್ಯೋ, ಇಷ್ಟು ದೂರ ಬಂದರೂ ಅದೇ ಪ್ರಶ್ನೆ! ಆಮೇಲೆ ಮೈ ತಪಾಸಣೆ ಮಾಡುವಾಗ ತೋಳಿನ ಗಂಟು ಅವಳ ಕೈಗೆ ಸಿಕ್ಕಿತು. ಪದ್ಧತಿ ವಿವರಿಸಿದೆ. ಒಳಗೆ ಹೋಗಿ ಬಿಚ್ಚುತ್ತೇನೆ ಅಂತ ಬೇಡಿಕೊಂಡೆ. ಅವಳು ಕತ್ತರಿ ತಂದು ಕಚಕ್ಕನೆ ಕತ್ತರಿಸಿದಳು. ನಾಣ್ಯವನ್ನು ತಟ್ಟೆಯಲ್ಲಿ ಉರುಳಿಸಿ ನೋಡಿದಳು.

ಅವರ ಮಂದಿರಗಳಿಗೆ ಬೆಂಕಿ ಇಟ್ಟವರಿದ್ದಾರೆ, ಅವರಿಗೆ ಭಯವಿದೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಅದನ್ನು ಓದಲೆಂದೇ ಬಂದವಳು. ಆದರೂ ಸಿಟ್ಟು ತಡೆಯಲಾಗಲಿಲ್ಲ. ಇನ್ನು ಒಳಗೆ ಹೋಗಬಹುದು ಅಂದಳು. ನಾನು ತಿರುಗಿ ನಡೆದೆ.

ಸಂಜೆ ನಮ್ಮ ಪಕ್ಕದ ಮನೆಗೆ ಫೋನ್ ಮಾಡಿ ಅಮ್ಮಿಯನ್ನು ಕರೆಸಿದೆ. ಆದದ್ದನ್ನೆಲ್ಲ ಹೇಳಿ, ವಾಪಸ್ ಬರುತ್ತೇನೆ ಅಂದೆ. ಅಮ್ಮಿಗೆ ಸಿಟ್ಟು ಬಂದರೆ ಕನ್ನಡವೇ.

"ಒಳಗ ಬಿಡಲಿಲ್ಲೇನು?"

"ಬಿಟ್ರು. ನಾನ ಹೋಗಲಿಲ್ಲ."



"ಬಂದು ಎಲ್ಲಿರಾಕಿ? ನಿನ್ನ ಖೋಲಿ ಬಾಡಿಗಿಗೆ ಕೊಟ್ಟೀನಿ. ಸಾಲಿ ಟೀಚರ್ ಒಬ್ಬಾಕಿ ಸಾಮಾನು ತಂದಿಟ್ಟಾಳ."

ಫೋನ್ ಇಟ್ಟೇಬಿಟ್ಟಳು. ನಾನು ರಿಸೀವರ್ ಹಿಡಿದು ನಿಂತೆ. ನನ್ನ ಖೋಲಿ ಅಂತ ಬೇರೆ ಇರಲೇ ಇಲ್ಲ. ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಖೋಲಿ. ಅಮ್ಮಿ ಮತ್ತು ನಾನು ಅದರಲ್ಲೇ ಒಂದೇ ಚಾಪೆಯ ಮೇಲೆ ಮಲಗುತ್ತಿದ್ದೆವು.