ಹೆಸರು ಕೇಳದೆ ಗುಂಡು ಹಾರಿಸದ ಸಿಸ್ಟರ್

ಕರೆಂಟು ಹೋಗಬಹುದಿತ್ತು. ಸುರಪುರದಲ್ಲಿ ಭಾನುವಾರ ಬೆಳಿಗ್ಗೆ ಕರೆಂಟು ಹೋಗಲು ಕಾರಣವೇನೂ ಬೇಕಾಗಿಲ್ಲ. ಹೋಗದಿದ್ದರೆ ಇನ್ನೂ ದೊಡ್ಡ ಅಪಾಯ: ಬಾಡಿಗೆ ಸ್ಪೀಕರಿನಿಂದ ಹೊರಟ ಮಷಿನ್ ಗನ್ನಿನ ಸದ್ದು ಶಾಲೆಯ ಕಾಂಪೌಂಡು ದಾಟಿ, ಯಾರೋ ಪುಣ್ಯಾತ್ಮರು ಪೊಲೀಸರಿಗೆ ಫೋನು ಮಾಡಿ, ಸಾಹಿತ್ಯ ಬಳಗದಲ್ಲಿ ಗುಂಡಿನ ದಾಳಿಯೆಂಬ ಸುದ್ದಿ ಸಂಜೆಯೊಳಗೆ ಯಾದಗಿರಿಯ ವಾಟ್ಸಾಪ್ ಗುಂಪುಗಳನ್ನೆಲ್ಲ ಸುತ್ತಿ ಬರಬಹುದಿತ್ತು. ಬಳಗದ ಅಧ್ಯಕ್ಷರು ಹೇಳಿದ ಮಾತಿಗೆ ತಪ್ಪದೆ ಎದ್ದು ಹೋಗಬಹುದಿತ್ತು. ಅವರು ಎದ್ದರೆ ಅವರ ಶಿಷ್ಯರೂ ಏಳುತ್ತಿದ್ದರು. ಅವರ ಶಿಷ್ಯರಲ್ಲದವರು ನಮ್ಮ ಮೂರೂ ಊರುಗಳಲ್ಲಿ ಸಿಗುವುದು ಕಷ್ಟ. ಶಹಾಪುರದಿಂದ ಬರುವವರ ಬಸ್ಸು ಕೆಡಬಹುದಿತ್ತು. ತಿಂಡಿಗೆ ಮಾಡಿಸಿದ ಮಂಡಕ್ಕಿ ಸುಸಲಾ ಹಳಸಬಹುದಿತ್ತು. ಕಾರ್ಯದರ್ಶಿಯಾದ ನನಗೆ ವೇದಿಕೆಯ ಮೇಲೆಯೇ ಎದೆನೋವು ಬರಬಹುದಿತ್ತು. ಇದೊಂದಕ್ಕೆ ಮಾತ್ರ ಸಮಾಧಾನವಿತ್ತು. ಅಂದು ಮಾತಾಡಬೇಕಾದವರು ನರ್ಸು.

ಬಿಳಿ ಸೀರೆ, ಎಣ್ಣೆ ಹಚ್ಚಿ ಬಿಗಿದ ತುರುಬು, ಕಾಲಲ್ಲಿ ದವಾಖಾನೆಯ ಕಾಲದ್ದೇ ರಬ್ಬರ್ ಚಪ್ಪಲಿ. ಕೈಯಲ್ಲಿ ಮಾತ್ರ ವಿಡಿಯೋ ಆಟದ ಕಂಟ್ರೋಲರು. ಅದನ್ನು ಅವರು ‘ಹ್ಯಾಂಡಲ್’ ಎನ್ನುತ್ತಿದ್ದರು. ಶರಣಮ್ಮ ಸಿಸ್ಟರ್ ನೆನಪಾದಾಗಲೆಲ್ಲ ನನಗೆ ಮೊದಲು ಕಾಣುವುದು ಆ ಚಿತ್ರ: ಹಾಸಿಗೆಯಂಚಿಗೆ ಬೆನ್ನು ನೆಟ್ಟಗೆ ಮಾಡಿ ಕೂತು, ಹ್ಯಾಂಡಲನ್ನು ಸಿರಿಂಜಿನ ಹಾಗೆ ಮೇಲೆತ್ತಿ ಹಿಡಿದು, ಪರದೆಯ ಮೇಲಿನ ಶತ್ರುವನ್ನು ರೋಗಿಯಂತೆ ದಿಟ್ಟಿಸುವುದು.

ನನಗೆ ಅವರ ಪರಿಚಯವಾದದ್ದು ನನ್ನ ಹೆದರಿಕೆಯಿಂದ. ನಾನು ಶಹಾಪುರದ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ, ಸುರಪುರದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಬಸ್ಸು ವೇಗವಾಗಿ ಹೋದರೆ ಅಪಘಾತದ ಭಯ, ನಿಧಾನ ಹೋದರೆ ಹಾಜರಿಯ ಭಯ. ನಿವೃತ್ತಿಯಾದ ನರ್ಸೊಬ್ಬರು ನಮ್ಮ ಓಣಿಗೇ ಬಂದಿದ್ದಾರೆಂದು ತಿಳಿದದ್ದೇ ತಡ, ವಾರಕ್ಕೊಮ್ಮೆ ಬಿ.ಪಿ. ನೋಡಿಸಿಕೊಳ್ಳಲು ಅವರ ಬಾಗಿಲಿಗೆ ನಿಲ್ಲತೊಡಗಿದೆ. ಅವರು ಪ್ರತಿ ಸಲವೂ ತೋಳಿಗೆ ಪಟ್ಟಿ ಸುತ್ತುವ ಮೊದಲು ಕೇಳುತ್ತಿದ್ದರು: “ಹೆಸರು?”

“ಸಿಸ್ಟರ್, ನಾನ್ರಿ. ಹೋದ ವಾರನೂ ಬಂದಿದ್ದೆ.”

“ಅದು ನನಗ ಗೊತ್ತದ. ನೀವು ಹೇಳ್ರಿ.”

ಹೇಳುತ್ತಿದ್ದೆ. ಆಮೇಲೆ ಪಟ್ಟಿ ಬಿಚ್ಚುತ್ತ ತೀರ್ಪು ಕೊಡುತ್ತಿದ್ದರು: “ನಿಮಗ ಬಿ.ಪಿ. ಇಲ್ರಿ ಸರ. ಪುರುಸೊತ್ತು ಭಾಳ ಅದ.”

ಹೆಸರು ಕೇಳುವ ಈ ಚಟದ ಮೂಲ ದವಾಖಾನೆಯಲ್ಲ, ದೊಡ್ಡಾಟ. ಅವರ ತಂದೆ ದೊಡ್ಡಾಟದಲ್ಲಿ ಸಾರಥಿಯ ಪಾತ್ರ ಮಾಡುತ್ತಿದ್ದವರು. ನಮ್ಮ ಕಡೆ ಆಟ ನೋಡಿದವರಿಗೆಲ್ಲ ಗೊತ್ತು: ರಂಗಕ್ಕೆ ಬಂದವನು ದೇವೇಂದ್ರನೇ ಆಗಿರಲಿ, ಕೀಚಕನೇ ಆಗಿರಲಿ, ಕಿರೀಟ ಅಲುಗಿಸುತ್ತ ಎಷ್ಟೇ ಕುಣಿಯಲಿ, ಸಾರಥಿ ಎದುರು ನಿಂತು “ಬಂದಂಥಾ ತಾವು ದಾರು? ತಮ್ಮ ನಾಮಾಂಕಿತವೇನು?” ಎಂದು ಕೇಳಬೇಕು. ಅವನು ತನ್ನ ಊರು, ಹೆಸರು, ಬಂದ ಕಾರಣ ಎಲ್ಲ ಹೇಳಬೇಕು. ಯುದ್ಧ ಆಮೇಲೆ. ಹುಡುಗಿ ಶರಣಮ್ಮ ರಂಗದ ಪಕ್ಕದಲ್ಲಿ ಕೂತು ಸಾರಥಿಯ ಮಾತನ್ನೆಲ್ಲ ಬಾಯಿಪಾಠ ಮಾಡಿದ್ದರು. ರಂಗ ಹತ್ತುತ್ತೇನೆಂದಾಗ ತಂದೆ, “ಹೆಣ್ಮಕ್ಕಳು ಸಾರಥಿ ಮಾಡಿದ್ರ ರಾಜಾ ಯಾರಿಗೆ ಹೆದರ್ತಾನ?” ಎಂದು ನಕ್ಕರಂತೆ. ಮಗಳು ನರ್ಸಾಗಿ, ಹತ್ತಿಕುಣಿ ಸುತ್ತಲಿನ ಹಳ್ಳಿಗಳಲ್ಲಿ ಗೌಡರಿಂದ ಹಿಡಿದು ಕೂಲಿಯವರವರೆಗೆ ಎಲ್ಲರನ್ನೂ ಹೆಸರು ಕೇಳಿ ಹೆದರಿಸಿದರು.

ಟಿ.ವಿ.ಗೆ ಹಚ್ಚಿ ಆಡುವ ವಿಡಿಯೋ ಆಟದ ಡಬ್ಬಿ ಅವರ ಮನೆಗೆ ಬಂದದ್ದು ಬೆರಳುಗಳ ದೆಸೆಯಿಂದ. ಸಂಧಿವಾತದಲ್ಲಿ ಬೆರಳು ಬಿಗಿದಿದ್ದವು. ರಬ್ಬರ್ ಚೆಂಡು ಹಿಚುಕಲು ವೈದ್ಯರು ಹೇಳಿದ್ದರು. “ಚೆಂಡಿನ್ಯಾಗ ಏನ್ರಿ ಕಥಿ ಅದ? ಹಿಚುಕೋದು, ಬಿಡೋದು” ಎಂದು ಬೇಸರಪಟ್ಟು, ಕಲಬುರಗಿಯಿಂದ ಯಾರೋ ಬಳಸಿ ಬಿಟ್ಟ ಡಬ್ಬಿಯೊಂದನ್ನು ತರಿಸಿದರು. ಅದರ ಜೊತೆಗೇ ಬಂದದ್ದು ಆ ಬಂದೂಕಿನ ಆಟ. ಪರದೆಯಲ್ಲಿ ನಮ್ಮ ಮುಖ ಕಾಣದು. ಎರಡು ಕೈ, ಒಂದು ಬಂದೂಕು, ಅಷ್ಟೇ. ಆ ಕೈಗಳು ಒಬ್ಬ ಸೈನಿಕನವು. ಯುದ್ಧದಲ್ಲಿ ಹಾಳಾದ ಊರೊಂದನ್ನು ಹಾದು, ನದಿಯಾಚೆ ಸಿಕ್ಕಿಬಿದ್ದ ತಂಗಿಯನ್ನು ಅವನು ಹುಡುಕಿ ತರಬೇಕು. ದಾರಿಯುದ್ದಕ್ಕೂ ಬೂದು ಬಣ್ಣದ ಅಂಗಿಯವರು ಎದುರಾಗುತ್ತಾರೆ. ಹೊಡೆಯಬೇಕು, ಮುಂದೆ ಹೋಗಬೇಕು.

ಸಿಸ್ಟರ್ ಹೊಡೆಯಲೊಲ್ಲೆ ಎಂದರು.

“ಇಷ್ಟ ವರ್ಷ ಸೂಜಿ ಚುಚ್ಚೀನಿ. ಹೆಸರು ಕೇಳದ ಒಬ್ಬರಿಗೂ ಚುಚ್ಚಿಲ್ಲ. ಗುಂಡು ಹಾಕು ಅಂತಾನಲ್ಲ ಇಂವ!”

ಕದ್ದು ಕೂರುತ್ತಿದ್ದರು, ಗೋಡೆ ಸುತ್ತಿ ಹೋಗುತ್ತಿದ್ದರು, ಸಿಕ್ಕಿಬಿದ್ದು ಸಾಯುತ್ತಿದ್ದರು, ಮತ್ತೆ ಮೊದಲಿನಿಂದ ಶುರು. ನಾನು ಪಕ್ಕದಲ್ಲಿ ಕೂತು “ಸಿಸ್ಟರ್, ಹಿಂದ್ ಬಂದ! ಹಿಂದ್ ಬಂದ!” ಎಂದು ಒದರುತ್ತ ನನ್ನ ಬಿ.ಪಿ.ಯನ್ನು ನಿಜ ಮಾಡಿಕೊಳ್ಳುತ್ತಿದ್ದೆ. ಸೇತುವೆಯೊಂದರ ಮೇಲೆ ಕಂದೀಲು ಹಿಡಿದ ಕಾವಲುಗಾರನೊಬ್ಬ ನಿಂತಿರುತ್ತಾನೆ. ಅವನನ್ನು ದಾಟುವುದು ಬಹಳ ಕಷ್ಟ. ಸಿಸ್ಟರ್ ಸೇತುವೆಯ ಕೆಳಗೆ ಮುದುಡಿ ಕೂತು ಕಾದರು. ಕಾದವರಿಗೆ ಅವನು ಮಾತಾಡತೊಡಗಿದ. ಬೂಟು ಬಿಗಿಯಾಗಿದೆ, ಕಾಲು ಉರಿಯುತ್ತದೆ, ಹೆಬ್ಬೆರಳಿನ ಗಾಯ ಮಾಯುತ್ತಿಲ್ಲ ಎಂದು ತನ್ನಷ್ಟಕ್ಕೇ ಗೊಣಗಿದ.

ಸಿಸ್ಟರ್ ಹ್ಯಾಂಡಲನ್ನು ತೊಡೆಯ ಮೇಲಿಟ್ಟರು. “ಸಕ್ಕರಿ ಕಾಯಿಲಿ ಅದ್ರಿ ಇವಂಗ. ಇವನನ್ನ ಕಾವಲಿಗೆ ನಿಂದ್ರಿಸಿದಾಂವ ಯಾವ ಡಾಕ್ಟರು?”

ನಮ್ಮ ಓದುಗರ ಬಳಗದ ಕಟ್ಟಳೆಯನ್ನು ಇಲ್ಲಿ ಹೇಳಬೇಕು. ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಸರದಿಯ ಮೇಲೆ ತಿಂಗಳಿಗೊಂದು ಭಾನುವಾರ ಸೇರುತ್ತೇವೆ. ಪ್ರತಿ ಸದಸ್ಯನೂ ವರ್ಷಕ್ಕೊಮ್ಮೆ ಒಂದು ಕೃತಿಯನ್ನು ವಿಮರ್ಶಿಸಬೇಕು. ಸ್ವಾಗತ ನನ್ನದು, ವಂದನಾರ್ಪಣೆಯೂ ನನ್ನದು. ನಡುವೆ ಏನೇ ಆಗಲಿ, ವಂದನಾರ್ಪಣೆಯಿಲ್ಲದೆ ನಮ್ಮಲ್ಲಿ ಯಾರೂ ಏಳುವಂತಿಲ್ಲ. ಸಿಸ್ಟರ್ ಸದಸ್ಯೆಯಾದ ವರ್ಷವೇ ಅವರ ಪಾಳಿ ಬಂತು. ಯಾವ ಕೃತಿ ಎಂದು ಕೇಳಿದೆ. ಆಟದ ಹೆಸರು ಹೇಳಿದರು.

ಬಳಗದ ಅಧ್ಯಕ್ಷರು ವಿರೂಪಾಕ್ಷಪ್ಪನವರು, ನಿವೃತ್ತ ಪ್ರಾಂಶುಪಾಲರು. ಸುದ್ದಿ ಕೇಳಿ ಯಾದಗಿರಿಯಿಂದ ಸುರಪುರಕ್ಕೆ, ನಮ್ಮ ಮನೆಗೇ ಬಂದರು. ನಾನು ಹೆದರಿ ಸಿಸ್ಟರನ್ನೂ ಕರೆಸಿದೆ.

“ಅಕ್ಕಾರ, ಇದು ಸಾಹಿತ್ಯ ಬಳಗ. ಗುಂಡು ಹಾರ್ಸೋ ಜಾಗ ಅಲ್ರಿ” ಎಂದರು ಅಧ್ಯಕ್ಷರು.

“ನಾ ಹಾರ್ಸೂದೇ ಇಲ್ರಿ. ಅದನ್ನ ಹೇಳಾಕ ನಿಂದ್ರತೀನಿ.”

“ಕಾದಂಬರಿ ತಗೊಳ್ರಿ. ಬೇಕಾದಷ್ಟು ಅವ.”

“ಕಾದಂಬರಿ ಓದಿದಾವ್ರು ನಿಮ್ಮ ಬಳಗದಾಗ ಬೇಕಾದಷ್ಟ ಮಂದಿ ಅದಾರ. ಈ ಆಟ ಆಡಿದಾಕಿ ನಾ ಒಬ್ಬಾಕಿ.”

ಅಧ್ಯಕ್ಷರ ಮುಖ ಕೆಂಪಾಯಿತು. “ಅದನ್ನ ತಂದು ಇಟ್ರ ನಾ ಎದ್ದ ಹೋಗ್ತೀನಿ. ನಿಮ್ಮ ಹೆಸರು ಬಳಗದಾಗಿಂದ ತಗಸ್ತೀನಿ.”

ನಾನು ಚಹಾ ತರುವ ನೆಪದಲ್ಲಿ ಒಳಗೆ ಓಡಿದೆ. ಒಳಗಿನಿಂದಲೇ ಸಿಸ್ಟರ ಮಾತು ಕೇಳಿಸಿತು, ದವಾಖಾನೆಯಲ್ಲಿ ಮಕ್ಕಳಿಗೆ ಹೇಳುವಷ್ಟೇ ಮೆತ್ತಗೆ: “ತಗಸ್ರಿ ಸರ. ಒಲ್ಲೆ ಅನ್ನೂದಿಲ್ಲ. ಮೊದಲ ನನ್ನ ಪಾಳಿ ಮುಗೀಲಿ. ನಮ್ಮಪ್ಪ ನನ್ನ ರಂಗ ಹತ್ಸಲಿಲ್ಲ, ಆಗ ಸಣ್ಣಾಕಿ ಇದ್ದೆ, ಸುಮ್ಮನಾದೆ. ಈಗ ಸುಮ್ಮನಾಗಾಂಗಿಲ್ಲ.”

ಹೀಗೆ ಆ ಭಾನುವಾರ ಬಂತು. ಅಧ್ಯಕ್ಷರು ಮುಂದಿನ ಸಾಲಿನಲ್ಲಿ ಕೂತಿದ್ದರು, ಚಪ್ಪಲಿ ಬಿಡದೆ, ಕುರ್ಚಿಯ ತುದಿಗೆ. ಏಳುವುದಕ್ಕೆ ತಯಾರಾಗಿಯೇ ಬಂದಿದ್ದರು. ಸಿಸ್ಟರ್ ಪರದೆಯ ಪಕ್ಕ ನಿಂತು, ಮೊದಲು ತಮ್ಮ ಹೆಸರು, ಊರು, ಬಂದ ಕಾರಣವನ್ನು ಹೇಳಿ, ವಿಮರ್ಶೆ ಶುರುಮಾಡಿದರು.

“ಗುಂಡಿನ ಸಪ್ಪಳ ಭಾಳ ಚಲೋ ಮಾಡ್ಯಾರ. ಮಳಿನೂ ಚಲೋ ಅದ, ನೋಡಿದ್ರ ಮೈ ತಣ್ಣಗಾಗ್ತದ. ತಂಗಿ ಪಾತ್ರ ಮಾತ್ರ ದಂಡ. ಆಟ ತುಂಬ ಆಕಿನ್ನ ಹುಡುಕ್ರಿ ಅಂತಾರ, ಸಿಕ್ಕ ಮ್ಯಾಲ ಆಕಿಗೆ ಎರಡ ಮಾತು ಇಲ್ಲ. ದೊಡ್ಡಾಟದಾಗ ದಾಸಿಗೂ ಇದಕ್ಕಿಂತ ಹೆಚ್ಚು ಮಾತು ಕೊಡ್ತಾರ. ಕಡೀಕ ಬರೋ ಖಳನಾಯಕ, ತನ್ನ ಮಂದಿ ಗುಂಡೇ ಬಡದು, ಸಾಯೋ ಹೊತ್ತಿನ್ಯಾಗ ಭಾಷಣ ಮಾಡ್ತಾನ. ಅಷ್ಟ ರಕ್ತ ಹೋದಾಂವಗ ಅಷ್ಟ ಉಸಿರು ಇರೂದಿಲ್ಲ, ನಾ ಕಂಡೀನಿ.”

ಸಭೆ ನಕ್ಕಿತು. ಅಧ್ಯಕ್ಷರು ನಗಲಿಲ್ಲ.

“ಆದ್ರ ಒಂದು ಜಾಗದಾಗ ಬರೆದಾಂವ ಖರೇ ಕಥಿಗಾರ ಆಗ್ಯಾನ. ತೋರಸ್ತೀನಿ” ಎಂದು ಸೇತುವೆಯ ದೃಶ್ಯ ಹಚ್ಚಿದರು. ಕಂದೀಲಿನವನು ಬಂದ. ಸಿಸ್ಟರ್ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಭಾಂಗಣದ ಹಂಚು ಅದುರುವಂತೆ ಕೇಳಿದರು: “ಬಂದಂಥಾ ತಾವು ದಾರು? ತಮ್ಮ ನಾಮಾಂಕಿತವೇನು?”

ಅಧ್ಯಕ್ಷರು ಎದ್ದರು. ನನ್ನ ಎದೆ ನಿಂತಿತು. ಅವರು ಬಾಗಿಲ ಕಡೆ ಹೋಗದೆ ವೇದಿಕೆಯ ಕಡೆ ಬಂದರು.

“ಶತ್ರು ಅವ. ಯುದ್ಧದಾಗ ಹೆಸರು ಕೇಳ್ತಾರೇನ್ರಿ? ಕೊಡ್ರಿಲ್ಲೆ.” ಹ್ಯಾಂಡಲ್ ಕಸಿದುಕೊಂಡು ಸಿಕ್ಕ ಗುಂಡಿಗಳನ್ನೆಲ್ಲ ಒತ್ತಿದರು. ಢಮ್ಮೆಂದು ಸದ್ದಾಯಿತು. ಕಾವಲುಗಾರ ಬಿದ್ದ. ಕಂದೀಲು ಉರುಳಿ ನದಿಗೆ ಹೋಯಿತು. ಹಿಂದಿನ ಸಾಲಿನವರೊಬ್ಬರು ಚಪ್ಪಾಳೆ ತಟ್ಟಿದರು.

“ಭೇಷ್ ಸರ” ಎಂದರು ಸಿಸ್ಟರ್. “ಯಾರನ್ನ ಹೊಡದ್ರಿ?”

ಅಧ್ಯಕ್ಷರು ಪರದೆ ನೋಡಿದರು, ಸಿಸ್ಟರನ್ನು ನೋಡಿದರು.

“ಮತ್ತೊಮ್ಮಿ ಹಚ್ತೀನಿ. ಈ ಸರ್ತಿ ಹ್ಯಾಂಡಲ್ ಹಿಡ್ಕೊಂಡು ಸುಮ್ನ ಕುಂದರ್ರಿ. ಕೈ ಹಚ್ಚಬ್ಯಾಡ್ರಿ.”

ಅವರು ಕುರ್ಚಿ ಎಳೆದುಕೊಂಡು ಕೂತರು. ಕಾವಲುಗಾರ ಮತ್ತೆ ಬಂದ. ಅತ್ತ ನಡೆದ, ಇತ್ತ ನಡೆದ. ಬೂಟಿನ ಮಾತಾಡಿದ. ಕಾಲಿನ ಉರಿಯ ಮಾತಾಡಿದ. ಸಿಸ್ಟರ್ ಅವನ ಮಾತನ್ನು ಒಂದೊಂದಾಗಿ ಕನ್ನಡಕ್ಕೆ ಇಳಿಸುತ್ತ ಹೋದರು. ಕೊನೆಗೆ ಸೇತುವೆಯ ಆಚೆಯಿಂದ ಪಾಳಿ ಬದಲಿಸುವ ಇನ್ನೊಬ್ಬ ಸೈನಿಕ ಬಂದ. ಬಂದವನು ಇವನ ಭುಜ ತಟ್ಟಿ, “ಮಾರ್ಕೊ, ಮನೆಗೆ ಹೋಗು” ಎಂದ. ಮಾರ್ಕೊ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ಕುಂಟುತ್ತ ಕತ್ತಲಿಗೆ ಹೋದ.

“ಮಾರ್ಕೊ ಅಂತ” ಎಂದು ಯಾರೋ ಪಕ್ಕದವರಿಗೆ ಪಿಸುಗುಟ್ಟಿದರು.

“ನೋಡಿದ್ರಲ್ಲ” ಎಂದರು ಸಿಸ್ಟರ್. “ಬರೆದಾಂವ ಹೆಸರು ಇಟ್ಟಾನ. ಕೇಳೋತನಕ ತಡಿಯಾವ್ರ ಸಲುವಾಗಿ ಇಟ್ಟಾನ. ಇದನ್ನ ಸಾಹಿತ್ಯ ಅಲ್ಲ ಅನ್ರಿ, ನಾ ಕೇಳಾಂಗಿಲ್ಲ. ಈಗ ನನ್ನ ಹೆಸರು ತಗಸ್ರಿ.”

ಅಧ್ಯಕ್ಷರ ಕಣ್ಣು ಪರದೆ ಬಿಟ್ಟಿರಲಿಲ್ಲ. “ಈ ಎರಡನೇದಾಂವನ ಹೆಸರು?” ಎಂದು ಕೇಳಿದರು.

“ಅದು ನನಗೂ ಗೊತ್ತಿಲ್ರಿ. ಅವನ ಪಾಳಿ ಮುಗಿಯೋತನಕ ನಾ ಕುಂತಿಲ್ಲ.”

“ಹಂಗಾರ ಕುಂದ್ರೋಣ.” ಚಪ್ಪಲಿ ಬಿಟ್ಟು ಕಾಲು ಮಡಚಿದರು.

ಆಮೇಲೆ ಅವರು ಹ್ಯಾಂಡಲ್ ಬಿಡಲಿಲ್ಲ. ಕೆಲವರು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು. ಯಾರು ಯಾವಾಗ ಕೆಮ್ಮಿದರೂ ಅಧ್ಯಕ್ಷರು “ಶ್!” ಎನ್ನುತ್ತಿದ್ದರು, ಕಾವಲುಗಾರ ಕೇಳಿಸಿಕೊಂಡುಬಿಟ್ಟಾನು ಎಂಬಂತೆ. ಸುಸಲಾ ಕೂತಲ್ಲೇ ಹಂಚಿದೆವು. ಬಸ್ಸಿನ ಹೊತ್ತಾದವರು ಕಟ್ಟಳೆ ಮರೆತು ಒಬ್ಬೊಬ್ಬರಾಗಿ ಎದ್ದು ಹೋದರು. ಎರಡನೆಯವನ ಹೆಸರು ಅಂದು ಸಿಗಲೇ ಇಲ್ಲ. ಸಿಸ್ಟರ ಹೆಸರು ಬಳಗದಲ್ಲಿ ಹಾಗೇ ಉಳಿಯಿತು.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಮರುವರ್ಷ, ಯಾದಗಿರಿಯ ಒಂದು ಆಸ್ಪತ್ರೆಯಲ್ಲಿ. ಮೂತ್ರಪಿಂಡ ಕೈಕೊಟ್ಟಿತ್ತು. ಬಿಳಿ ಸೀರೆಯ ಬದಲು ಹಸಿರು ಅಂಗಿ ತೊಡಿಸಿದ್ದರು. ಅದೊಂದನ್ನೇ ನೋಡಲಾಗಲಿಲ್ಲ ನನಗೆ. ಚಿಕ್ಕ ವಯಸ್ಸಿನ ನರ್ಸೊಬ್ಬಳು ಸೂಜಿ ಹಿಡಿದು ಬಂದಳು. ಸಿಸ್ಟರ್ ತೋಳನ್ನು ಹಿಂದಕ್ಕೆಳೆದುಕೊಂಡರು.

“ಮೊದಲ ಹೆಸರು ಕೇಳವ್ವ.”

“ಕೇಸ್ ಪೇಪರ್‌ನ್ಯಾಗ ಅದರೀ ಅಮ್ಮ.”

“ಪೇಪರಿಗೆ ಚುಚ್ಚತೀ ಏನು?”

ಹುಡುಗಿ ನನ್ನ ಮುಖ ನೋಡಿದಳು. ನಾನು ಕೈಮುಗಿದೆ. “ಹೆಸರೇನ್ರಿ?” ಎಂದು ಕೇಳಿದಳು. ಸಿಸ್ಟರ್ ದಿಂಬಿಗೆ ಮೊಣಕೈ ಊರಿ ಮೇಲೆದ್ದು, ಇದ್ದ ಉಸಿರೆಲ್ಲ ಸೇರಿಸಿ ಸಾರಥಿಯ ಮಗಳ ದನಿಯಲ್ಲಿ ಊರು, ತಂದೆಯ ಹೆಸರು, ತಮ್ಮ ಹೆಸರು, ಬಂದ ಕಾರಣ ಎಲ್ಲ ಹೇಳಿದರು. ಪಕ್ಕದ ಮಂಚದವರೂ ಎದ್ದು ಕೂತರು. ಆಮೇಲೆ ತೋಳು ಚಾಚಿದರು: “ಈಗ ಚುಚ್ಚು.”

ಹುಡುಗಿ ಹೋದ ಮೇಲೆ ನಾನು ಬಹಳ ದಿನದಿಂದ ಒಳಗೆ ಕೊರೆಯುತ್ತಿದ್ದುದನ್ನು ಹೇಳಿದೆ. “ಸಿಸ್ಟರ್, ಅವತ್ತು ನಿಮಗ ವಂದನಾರ್ಪಣೆ ಮಾಡೋದು ಉಳಿದುಬಿಡ್ತು. ಇಲ್ಲೇ ಮಾಡ್ಲ್ಯಾ? ಎಲ್ಲಾ ಬಾಯಿಪಾಠ ಅದ.”

“ಬ್ಯಾಡ್ರಿ” ಎಂದರು. ಕಣ್ಣಲ್ಲಿ ಹಳೆಯ ತುಂಟತನ. “ವಂದನಾರ್ಪಣೆ ಆತಂದ್ರ ಎಲ್ಲಾರೂ ಎದ್ದ ಹೋಗ್ತಾರ. ನಾ ಎಲ್ಲಿ ಏಳಾಕತ್ತೀನಿ?”

ಆ ವಾರವೇ ಹೋದರು. ಈಗ ಬಿ.ಪಿ. ನೋಡಿಸಿಕೊಳ್ಳಲು ಶಹಾಪುರದಲ್ಲಿ ಒಂದು ಅಂಗಡಿಗೆ ಹೋಗುತ್ತೇನೆ. ಅಲ್ಲಿನ ಯಂತ್ರ ಹೆಸರು ಕೇಳುವುದಿಲ್ಲ. ನಾನೇ ಮೆಲ್ಲಗೆ ಹೇಳಿ ತೋಳು ಚಾಚುತ್ತೇನೆ. ಅಧ್ಯಕ್ಷರು ಆ ಡಬ್ಬಿಯನ್ನು ಯಾದಗಿರಿಗೆ ಒಯ್ದು ಇಟ್ಟುಕೊಂಡಿದ್ದಾರೆ, ಎರಡನೆಯವನ ಹೆಸರಿಗಾಗಿ ಕಾಯುತ್ತಾರೆ.

ಆ ಭಾನುವಾರ ನಾನು ಅಂಜಿದ್ದರಲ್ಲಿ ಒಂದೂ ಆಗಲಿಲ್ಲ. ಕರೆಂಟು ಹೋಗಲಿಲ್ಲ, ಪೊಲೀಸರು ಬರಲಿಲ್ಲ, ಬಸ್ಸು ಕೆಡಲಿಲ್ಲ, ಸುಸಲಾ ಹಳಸಲಿಲ್ಲ, ಅಧ್ಯಕ್ಷರು ಎದ್ದರೂ ಹೋಗಲಿಲ್ಲ, ನನ್ನ ಎದೆ ನಿಂತರೂ ಮತ್ತೆ ನಡೆಯಿತು. ವಂದನಾರ್ಪಣೆಯೊಂದು ಆಗಲಿಲ್ಲ.