ಒಂದೇ ನಂಬರು, ಎರಡು ಬಗೆ

ಗುಡ್ಡ ಕುಸಿದ ಆ ವಾರ ಗೋಣಿಕೊಪ್ಪಲಿನ ನಮ್ಮ ಕಾಲೇಜಿಗೆ ರಜೆ ಕೊಟ್ಟಿದ್ದರು. ನಾನು ಅಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದೆ. ಅಮ್ಮ ತೀರಿಕೊಂಡ ಮೇಲೆ ರಜೆಯಲ್ಲಿ ಹೋಗುವುದಕ್ಕೆ ನನಗೆ ಮನೆಯೆಂಬುದು ಉಳಿದಿರಲಿಲ್ಲ. ಹಾಗಾಗಿ ಸ್ವಯಂಸೇವಕರು ಎರಡು ಪಟ್ಟಿ ಕಳಿಸಿ, "ಹೊಂದಿಸಿ ಕೊಡ್ತೀರಾ ಮೇಡಂ?" ಎಂದಾಗ ಒಪ್ಪಿಕೊಂಡು ಖಾಲಿ ಲ್ಯಾಬಿನಲ್ಲಿ ಕೂತೆ.

ಒಂದರಲ್ಲಿ ಕಾಣೆಯಾದವರ ಮೊಬೈಲ್ ನಂಬರುಗಳು, ಮನೆಯವರು ಕೊಟ್ಟವು. ಇನ್ನೊಂದರಲ್ಲಿ ಪರಿಹಾರ ಕೇಂದ್ರ ಸೇರಿದವರದು. ಅವರ ಫೋನುಗಳು ಮಣ್ಣುಪಾಲಾಗಿದ್ದವು, ಇಲ್ಲವೇ ಚಾರ್ಜಿಲ್ಲದೆ ಸತ್ತಿದ್ದವು. ಹೆಸರುಗಳನ್ನು ಒಬ್ಬೊಬ್ಬರು ಒಂದೊಂದು ಥರ ಬರೆದಿದ್ದರಿಂದ ನಂಬರೇ ಗತಿ. ಎರಡನ್ನೂ ಪ್ರೋಗ್ರಾಂನಲ್ಲಿ ಸಾಲಾಗಿ ಇಡುವ ಎರಡು ಅರೇಗಳಿಗೆ ತುಂಬಿ, ಎರಡರಲ್ಲೂ ಇರುವುದನ್ನು ಹುಡುಕುವ ಪ್ರೋಗ್ರಾಂ ಬರೆದೆ. ಒಂದೂ ಸಿಗಲಿಲ್ಲ. ತಪ್ಪು ಎಲ್ಲಿದೆಯೆಂದು ತಿಳಿಯದೆ ಪರದೆಯನ್ನೇ ನೋಡುತ್ತಾ ಕೂತೆ.

ಅಷ್ಟರಲ್ಲಿ ತಿತಿಮತಿಯಿಂದ ಒಬ್ಬ ಹೆಂಗಸು ನನ್ನನ್ನು ಹುಡುಕಿಕೊಂಡು ಬಂದರು. ಅವರ ಅಕ್ಕ ಗುಡ್ಡದ ಕಡೆಯ ಎಸ್ಟೇಟಿನ ಲೈನಿನಲ್ಲಿ, ಕೂಲಿಯವರ ಸಾಲುಮನೆಯಲ್ಲಿ ಇದ್ದರಂತೆ.

"ಅಕ್ಕನ ನಂಬರು ಅದ್ರಲ್ಲಿ ಉಂಟಾ ಮೇಡಂ?"

"ಹೇಳಿ, ನೋಡ್ತೀನಿ."

ಅವರು ಬಾಯಿಪಾಠ ಹೇಳಿದರು. ನಾನು ಪಟ್ಟಿಗಳನ್ನೇ ತೆರೆದು ಕಣ್ಣಾಡಿಸಿದೆ. ಆ ನಂಬರು ಎರಡರಲ್ಲೂ ಇತ್ತು.

ಕೂಡಲೇ ಅಕ್ಕ ಸೇರಿದ್ದ ಕೇಂದ್ರದ ಸ್ವಯಂಸೇವಕನಿಗೆ ಫೋನ್ ಮಾಡಿದೆ. ಆತ ಅಕ್ಕನನ್ನು ಕರೆದು ಮಾತಾಡಲು ಕೊಟ್ಟ. ಹೆಂಗಸು ನನ್ನ ಫೋನ್ ಹಿಡಿದು ವರಾಂಡಕ್ಕೆ ಹೋದರು. ಬಹಳ ಹೊತ್ತು ಅಳು ಮಾತ್ರ ಕೇಳಿಸಿತು. ಆಮೇಲೆ, "ಹಸು ಎಂತಾಯ್ತು ಅಕ್ಕಾ?" ಎಂದರು.

ಒಳಗೆ ನನಗೆ ಪ್ರೋಗ್ರಾಂ ಸೋತ ಕಾರಣ ಸಿಕ್ಕಿತ್ತು. ಒಂದು ಪಟ್ಟಿಯ ನಂಬರುಗಳು ಸಂಖ್ಯೆಗಳಾಗಿದ್ದವು. ಇನ್ನೊಂದರಲ್ಲಿ ಅವೇ ಅಂಕಿಗಳು ಅಕ್ಷರಗಳ ಹಾಗೆ, ಪಠ್ಯವಾಗಿ ಕೂತಿದ್ದವು. ನಮ್ಮ ಕಣ್ಣಿಗೆ ಒಂದೇ. ಯಂತ್ರಕ್ಕೆ ಬಗೆ ಬೇರೆಯಾದರೆ ನಂಬರೂ ಬೇರೆ. ಎಲ್ಲವನ್ನೂ ಪಠ್ಯಕ್ಕೆ ಬದಲಾಯಿಸಿ ಮತ್ತೆ ಓಡಿಸಿದೆ. ನಂಬರುಗಳು ಒಂದರ ಕೆಳಗೊಂದು ಮೂಡತೊಡಗಿದವು.

ಹೆಂಗಸು ಫೋನನ್ನು ಸೆರಗಿನಲ್ಲಿ ಒರೆಸಿ ಕೊಟ್ಟರು. "ನೀವು ಒಬ್ರೇನಾ ಇಲ್ಲಿ? ಊಟ ಆಯ್ತಾ?"

"ಆಯ್ತು," ಎಂದೆ. ಆಗಿರಲಿಲ್ಲ.

ಅವರು ಬಸ್ಸಿಗೆ ಓಡಿದರು. ನಾನು ಸಿಕ್ಕವರ ಪಟ್ಟಿಯನ್ನು ಸ್ವಯಂಸೇವಕರಿಗೆ ಕಳಿಸಿದೆ. ಆ ಸಂಜೆ ಇದನ್ನು ಯಾರಿಗಾದರೂ ಹೇಳಬೇಕೆನಿಸಿತು. ಫೋನಿನಲ್ಲಿದ್ದ ಹೆಸರುಗಳನ್ನೆಲ್ಲ ಸರಿಸಿ ನೋಡಿ, ಕೊನೆಗೆ ನಮ್ಮ ವಿಭಾಗದ ಮುಖ್ಯಸ್ಥರಿಗೆ ಮಾಡಿದೆ.

"ಒಳ್ಳೇದಾಯ್ತಮ್ಮ. ಹೊರಡುವಾಗ ಕಿಟಕಿ ಹಾಕಿ," ಎಂದರು.

ಕೆಲವು ನಂಬರುಗಳಿಗೆ ಮಾತ್ರ ಜೋಡಿ ಸಿಗಲೇ ಇಲ್ಲ. ನಡುವಿನ ಖಾಲಿ ಜಾಗ ತೆಗೆದೆ, ಶುರುವಿನ ಸೊನ್ನೆ ತೆಗೆದೆ. ಇನ್ನು ಬದಲಾಯಿಸಲು ಏನೂ ಉಳಿಯಲಿಲ್ಲ. ಆದರೂ ಕಾಲೇಜು ತೆರೆಯುವವರೆಗೂ ದಿನಾ ಬೆಳಿಗ್ಗೆ ಲ್ಯಾಬಿಗೆ ಹೋಗಿ, ಹೊಸ ಪಟ್ಟಿ ಬಂದಿರಲಿ ಬಾರದಿರಲಿ, ಪ್ರೋಗ್ರಾಂ ಒಮ್ಮೆ ಓಡಿಸಿ ನೋಡುತ್ತಿದ್ದೆ.