ಯೇಸಪ್ಪನ ಜೊತೆ ಟೂ ಬಿಟ್ಟ ದಿನಗಳು

ಇವತ್ತು ಬೆಳಿಗ್ಗೆ ಜಲನಗರದ ಶಾಲೆಯೊಂದರ ಮೈದಾನದಲ್ಲಿ ಹುಡುಗಿಯರು ಖೋಖೋ ಆಡುತ್ತಿದ್ದರು. ಆ ಧೂಳಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಇಬ್ರಾಹಿಂಪುರದ ನಮ್ಮ ಹಳೆಯ ಮನೆಯಲ್ಲಿದ್ದೆ!

ನಮ್ಮದು ಕ್ರೈಸ್ತರ ಮನೆ. ಆಗ ನಾನು ಐದನೇ ಇಯತ್ತೆ. ಶಾಲೆಯ ಖೋಖೋ ತಂಡಕ್ಕೆ ಸೇರಿಸು ಎಂದು ಯೇಸಪ್ಪನಿಗೆ ವಾರವಿಡೀ ಪ್ರಾರ್ಥಿಸಿದ್ದೆ. ಪಟ್ಟಿಯಲ್ಲಿ ನನ್ನ ಹೆಸರೇ ಇರಲಿಲ್ಲ. ಅಂದಿನಿಂದ ಅವನ ಜೊತೆ ಟೂ! ಸಂಜೆ ಪ್ರಾರ್ಥನೆಗೆ ಮನೆಯವರೆಲ್ಲ ಚಾಪೆಯ ಮೇಲೆ ಮೊಣಕಾಲೂರಿದರೆ ನಾನು ಹೊರಗೆ ಕಟ್ಟೆಯ ಮೇಲೆ ಕೂರುತ್ತಿದ್ದೆ.

ನಾಲ್ಕನೇ ಸಂಜೆ ಪ್ರಾರ್ಥನೆಗೆ ಮೊದಲು ಆಯಿ, ಅಂದರೆ ಅಪ್ಪನ ತಾಯಿ, ಹಿಟ್ಟಿನ ಕೈಯಲ್ಲೇ ಬಂದು ಪಕ್ಕದಲ್ಲಿ ಕೂತಳು.

"ನಿಮ್ಮಪ್ಪ ಸೈಕಲ್ ಕೊಡಸಲಿಲ್ಲ. ಅವನ ಕೂಡ ಮಾತು ಬಿಟ್ಟೀಯೇನು?"

"ಇಲ್ಲ. ಜಗಳಾ ಆಡೇನಿ."

"ಹಂಗಾದ್ರ ಯೇಸಪ್ಪನ ಕೂಡನೂ ಜಗಳಾ ಆಡು. ಬರೇ ಬೇಡಾಕ ಪ್ರಾರ್ಥನಾ ಮಾಡ್ತೀವೇನು ತಂಗಿ? ಅಂವ ನಮ್ಮಾಂವ ಅಂತ ಮಾತಾಡ್ತೀವಿ."

ದೇವರ ಜೊತೆ ಜಗಳವಾಡಬಹುದು! ನನಗೆ ಮೈ ಜುಮ್ಮೆಂದಿತು. ಪ್ರಾರ್ಥನೆಗೆ ಎಲ್ಲರೂ ಸೇರಿದ್ದೇ ತಡ, ಒಳಗೆ ಓಡಿ, ಕಣ್ಣು ಮುಚ್ಚಿ, ಎಲ್ಲರೆದುರು ಕೂಗಿದೆ: "ಯೇಸಪ್ಪಾ, ನಾ ಎಲ್ಲಾರಕಿಂತ ಜೋರ ಓಡ್ತೀನಿ, ನೀ ನೋಡೇ ಇಲ್ಲೇನು?"

ಅಪ್ಪ ನಗು ತಡೆಯಲಾರದೆ ಕೆಮ್ಮಿದ. ಬೈಯುತ್ತ ಬೈಯುತ್ತ ನನಗೆ ಅಳು ಬಂತು. ಅತ್ತು ಮುಗಿಯುವಷ್ಟರಲ್ಲಿ ಸಿಟ್ಟೆಲ್ಲ ಇಳಿದಿತ್ತು. ಎಲ್ಲರಿಗಿಂತ ಜೋರಾಗಿ ಆಮೆನ್ ಅಂದವಳೂ ನಾನೇ! ತಂಡಕ್ಕೆ ನಾನು ಸೇರಲೇ ಇಲ್ಲ. ಆದರೆ ಮರುದಿನದ ಪಂದ್ಯದಲ್ಲಿ ಗೆಳತಿಯರಿಗಾಗಿ ಗಂಟಲು ಹರಿಯುವಂತೆ ಕೂಗಿದೆ.

ಈಗಲೂ ಆಫೀಸಿಗೆ ಹೋಗುವಾಗ ಹೆಲ್ಮೆಟ್ಟಿನೊಳಗೇ ಯೇಸಪ್ಪನ ಜೊತೆ ನನ್ನ ಮಾತು ಶುರುವಾಗುತ್ತದೆ. ಸಿಗ್ನಲ್ಲಿನಲ್ಲಿ ಪಕ್ಕದ ಗಾಡಿಯವರು ತಿರುಗಿ ನೋಡುತ್ತಾರೆ. ನೋಡಲಿ ಬಿಡಿ!